ಗುಜರಿಗೆ ಹೋದ ಎತ್ತು

ಕಲೆ ಅರ್ಥವಾಗದಿರುವುದು ಅಂಥ ದೊಡ್ಡ ತಪ್ಪೇನಲ್ಲ. ಆದರೆ ಬಳ್ಳಾರಿಯ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಡ್ರಾಯಿಂಗ್ ಮಾಸ್ತರನಾಗಿದ್ದು, ಹೂಜಿಯ ನೆರಳು ಯಾವ ಕಡೆ ಬೀಳಬೇಕೆಂದು ಮಕ್ಕಳಿಗೆ ಗದರಿಸಿ ಕಲಿಸಿದವನಿಗೇ ಅದು ಅರ್ಥವಾಗದಿದ್ದರೆ ಬೀದಿಯಲ್ಲಿ ತಲೆಯೆತ್ತಿ ನಡೆಯುವುದು ಕಷ್ಟ. ಎಪ್ಪತ್ತರ ದಶಕದಲ್ಲಿ ನನಗೆ ಒದಗಿದ್ದು ಈ ಕಷ್ಟ.

ನನ್ನ ಹೆಂಡತಿ ನೀಲಮ್ಮನ ತವರು ಸಿರುಗುಪ್ಪ ಕಡೆಯ ದೇಶನೂರು. ತವರಿಗೆ ಹೋದ ಹೆಂಗಸರು ಹಪ್ಪಳ, ಸಂಡಿಗೆ ತರುತ್ತಾರೆ. ಇವಳು ಸವೆದ ಕುಡುಗೋಲು, ಮುರಿದ ನೇಗಿಲು, ಬಂಡಿಯ ಗಾಲಿಗಳನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬರುತ್ತಿದ್ದಳು. ಕುರುಗೋಡಿನ ಅಕ್ಕನ ಮನೆಗೆ ಹೋದರೂ ಅದೇ ಕಥೆ. ಗಾಲಿಯ ನಡುವಿನ ದಿಮ್ಮಿಗೆ ಮೂರು ಕಾಲು ಜೋಡಿಸಿ ಸ್ಟೂಲು ಮಾಡಿದಳು. ಅದರ ಮೇಲೆ ಆರಾಮಾಗಿ ಕೂತು ಚಹಾ ಕುಡಿಯುತ್ತಲೇ ನಾನು, "ಉಳಿದದ್ದೆಲ್ಲ ಏನು ಮಾಡ್ತೀ?" ಎಂದು ಕೇಳುತ್ತಿದ್ದೆ.

"ನನಗೂ ಗೊತ್ತಿಲ್ರಿ. ಕೈ ಹಚ್ಚಿದ ಮ್ಯಾಲೆ ತಿಳೀತೈತಿ."

ನಕ್ಷೆಯಿಲ್ಲದೆ, ಪೆನ್ಸಿಲ್ ಮುಟ್ಟದೆ ಏನು ಮಾಡಿಯಾಳು ಎಂದು ನನಗೆ ಕುತೂಹಲ. ಆದರೂ ಅವಳು ವೆಲ್ಡಿಂಗ್ ಅಂಗಡಿಯ ಮುಂದೆ ಕಣ್ಣಿಗೆ ಸೆರಗು ಅಡ್ಡ ಹಿಡಿದು ನಿಂತಿರುವುದು ಕಂಡರೆ, ನಾನು ಎದುರುಗೋಡೆ ನೋಡುತ್ತ ಸೈಕಲ್ ತುಳಿಯುತ್ತಿದ್ದೆ.

ಒಂದು ರವಿವಾರ ಅವಳು ಕುರುಗೋಡಿಗೆ ಹೋಗಿದ್ದಾಗ ಹಿತ್ತಲಿನ ರಾಶಿಯಿಂದ ಚೇಳೊಂದು ಹೊರಬಂತು. ನಾನು ಹೆದರಿದ್ದು ನಿಜ. ರಾಶಿ ಸಾಗಹಾಕಲು ನೆಪ ಸಿಕ್ಕಿತೆಂದು ಖುಷಿಪಟ್ಟದ್ದೂ ನಿಜ. ತಳ್ಳುಗಾಡಿ ಕರೆಸಿ ಎಲ್ಲವನ್ನೂ ಬ್ರೂಸ್‌ಪೇಟೆಯ ಗುಜರಿ ಅಂಗಡಿಗೆ ಕಳಿಸಿಬಿಟ್ಟೆ.

ಸಂಜೆ ಬಂದವಳು ನೇರ ಹಿತ್ತಲಿಗೆ ಹೋದಳು. "ರೀ, ಎತ್ತು ಎಲ್ಲೈತ್ರಿ?"

"ಯಾವ ಎತ್ತು?"

"ಮೊನ್ನೆ ಮುಗಿಸಿದ್ನಲ್ರಿ! ನೇಗಿಲ ಗುಳದ ಮುಖ, ಕುಡುಗೋಲಿನ ಕೋಡು..."

ಎಲ್ಲವನ್ನೂ ಗುಜರಿಗೆ ಕಳಿಸಿದೆನೆಂದು ಒಪ್ಪಿಕೊಂಡೆ. ಅವಳು ಬಯ್ಯಲಿಲ್ಲ. ಹೆಗಲ ಚೀಲವನ್ನೂ ಇಳಿಸದೆ "ನಡೀರಿ" ಅಂದಳು. ಬ್ರೂಸ್‌ಪೇಟೆಯ ಓಣಿಯಲ್ಲಿ ಎಲ್ಲಿ ಸುತ್ತಿಗೆಯ ಸದ್ದು ಕೇಳಿದರೂ ಅವಳ ನಡಿಗೆ ಬಿರುಸಾಗುತ್ತಿತ್ತು. ಬಯ್ದಿದ್ದರೇ ವಾಸಿಯಿತ್ತು.

ಎತ್ತು ಉಳಿದಿತ್ತು. ಗುಜರಿಯ ಖಾದರ್ ಸಾಹೇಬರು ಅದನ್ನು ಒರೆಸಿ, ಗಲ್ಲಾದ ಪಕ್ಕ ಬೆಂಚಿನ ಮೇಲೆ ನಿಲ್ಲಿಸಿದ್ದರು. ನೊಗ ಕಂಡು ಒಲ್ಲೆನೆಂಬಂತೆ ಕತ್ತು ತುಸು ಓರೆಯಾಗಿತ್ತು. ದಿನವೂ ಹಲ್ಲುಜ್ಜುತ್ತ ನಾನು ಅದರ ಮುಂದೆಯೇ ನಿಲ್ಲುತ್ತಿದ್ದೆ. ಅದು ಎತ್ತಾಗಿ ಕಂಡದ್ದು ಆಗಲೇ.

"ಒಡ್ಯಾಕ ಕೈ ಬರಲಿಲ್ರಿ ಮಾಸ್ತರ್," ಎಂದರು ಸಾಹೇಬರು. "ನೀವು ಮಾಡಿದ್ದೇನ್ರಿ? ಡ್ರಾಯಿಂಗ್ ಮಾಸ್ತರು ಬ್ಯಾರೆ."

'ಅಲ್ಲ' ಎನ್ನಲು ನನಗೆ ಎರಡು ಕ್ಷಣ ಹೆಚ್ಚೇ ಬೇಕಾಯಿತು. ಅಷ್ಟರಲ್ಲಿ ನೀಲಮ್ಮ, "ಮಾಡಿದಾಕಿ ನಾನ್ರಿ. ಗುಜರಿಗೆ ಹಾಕಿದೋರು ಇವರು," ಅಂದಳು.

ಸಾಹೇಬರು ಎದ್ದು ಅವಳಿಗೆ ಸಲಾಂ ಮಾಡಿದರು. "ಒಳಗ ಬರ್ರಿ ಅಮ್ಮಾ. ನಿಮಗ ಬೇಕಾದ್ದು ಆರಿಸ್ಕೊಳ್ರಿ."

ಅವಳು ಸಂತೆಯಲ್ಲಿ ಬದನೆಕಾಯಿ ಆರಿಸುವಂತೆ ಹಲ್ಲುಚಕ್ರಗಳನ್ನು ತಿರುವಿ ನೋಡುತ್ತಿದ್ದರೆ, ನಾನು ಎತ್ತಿನ ಪಕ್ಕ ಬೆಂಚಿನ ಮೇಲೆ ಕೂತೆ. ಮರಳುವಾಗ ಅವಳು ಎತ್ತನ್ನು ಕೂಸಿನಂತೆ ಸೊಂಟಕ್ಕಿಟ್ಟುಕೊಂಡಿದ್ದಳು. ಕಬ್ಬಿಣದ ಮೂಟೆ ನನ್ನ ಹೆಗಲ ಮೇಲಿತ್ತು.

ಅಂದಿನಿಂದ ಏನನ್ನೇ ಎಸೆಯುವುದಿದ್ದರೂ ಮೊದಲು ಅವಳಿಗೆ ತೋರಿಸುತ್ತೇನೆ. ಮೊನ್ನೆ ನನ್ನ ಹರಿದ ಕೊಡೆ ಹಿಡಿದು ನಿಂತೆ. ಕೊಡೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನೂ ಅಷ್ಟೇ ಹೊತ್ತು ನೋಡಿ, "ಇರ್ಲಿ ಬಿಡ್ರಿ, ಯಾವುದಕ್ಕಾರ ಬರ್ತೈತಿ," ಅಂದಳು.

ಯಾವುದನ್ನು ನೋಡಿ ಹೇಳಿದಳೆಂದು ಕೇಳುವ ಧೈರ್ಯ ನನಗಾಗಲಿಲ್ಲ.