ಮೊದಲ ಲೋಟ

ನಾನು ಮಾಡಬೇಕಾಗಿದ್ದುದು ಒಂದೇ ಕೆಲಸ, ನೀರು ಕುದಿಸುವುದು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೂ ಬರುವ ಕೆಲಸ. ಅದನ್ನೂ ಮಾಡಲಿಲ್ಲ. ಅದಕ್ಕೆ ಮೊದಲು ನಮ್ಮಣ್ಣನ ವಿಷಯ ಹೇಳಬೇಕು. ಇಡೀ ಹಲಸೂರಿನಲ್ಲಿ ನೀರನ್ನು ಅಗಿದು ಕುಡಿಯುವ ಮನುಷ್ಯ ಅವನೊಬ್ಬನೇ!

ಅಣ್ಣ ಸೈನ್ಯದಲ್ಲಿದ್ದ. ಆಫ್ರಿಕಾದ ಯಾವುದೋ ದೇಶದಲ್ಲಿ ಶಾಂತಿ ಕಾಯಲು ವಿಶ್ವಸಂಸ್ಥೆಯ ನೀಲಿ ಟೊಪ್ಪಿಯವರು ಹೋದಾಗ ಇವನೂ ಹೋದ. ಮಿಕ್ಕವರು ಬಂದೂಕು ಹಿಡಿದರು, ಇವನು ನಲ್ಲಿ ಹಿಡಿದ. ಕೆಸರು ಹೊಳೆಯ ನೀರನ್ನು ಯಂತ್ರದಲ್ಲಿ ಸೋಸಿ, ಔಷಧಿ ಹಾಕಿ, ಮೊದಲ ಲೋಟವನ್ನು ಎಲ್ಲರೆದುರು ತಾನೇ ಕುಡಿಯುತ್ತಿದ್ದನಂತೆ. ಅರ್ಧ ಗಂಟೆ ಇವನು ನೆಟ್ಟಗೆ ನಿಂತಿದ್ದರೆ ಉಳಿದವರು ಬಾಟಲಿ ತುಂಬಿಸಿಕೊಳ್ಳಬಹುದು. ಅಷ್ಟರಲ್ಲಿ ಹೊಟ್ಟೆಗೆ ಏನು ತಿಳಿಯುತ್ತದೆ ಎಂದು ಕೇಳಬೇಡಿ! "ಯಂತ್ರಾನ ಯಾರ್ ನಂಬ್ತಾರೆ? ಕುಡ್ದೋನ್ನ ನಂಬ್ತಾರೆ," ಅನ್ನುತ್ತಿದ್ದ.

ಸರಿ, ನಿವೃತ್ತನಾಗಿ ಜೋಗುಪಾಳ್ಯದ ನಮ್ಮ ಮನೆಗೆ ಬಂದ ಮೇಲಾದರೂ ಬಿಡಬೇಡವೇ? ಲಿಂಗರಾಜಪುರದ ಒಂದು ಮದುವೆಯಲ್ಲಿ ನೀರಿನ ಡ್ರಮ್ಮಿನ ಮುಂದೆ ಕುರ್ಚಿ ಹಾಕಿಕೊಂಡು ಕೂತುಬಿಟ್ಟ. ಒಂದು ಲೋಟ ಕುಡಿದು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಯಾರನ್ನೂ ಹತ್ತಿರ ಬಿಡಲಿಲ್ಲ. ಹೆಣ್ಣಿನ ತಂದೆ ಓಡಿಬಂದರು.

"ರೀ, ಊಟಕ್ಕೆ ಕೂತಿದಾರೆ! ಏನಂತೆ ನಿಮ್ ಹೊಟ್ಟೆ?"

"ಇನ್ನೂ ಯೋಚ್ನೆ ಮಾಡ್ತಿದೆ ಸಾರ್. ಕೆಟ್ರೆ ಒಂದ್ ಹೊಟ್ಟೆ ಕೆಡ್ಲಿ, ಇಲ್ಲಿ ಮುನ್ನೂರಿವೆ."

ಪಾನಿಪೂರಿ ಗಾಡಿಯವನನ್ನೂ ಬಿಡಲಿಲ್ಲ. "ಮೊದ್ಲು ನೀನೇ ಒಂದ್ ಲೋಟ ಕುಡಿ, ನೋಡೋಣ."

"ನಂಗ್ಯಾಕ್ ಗುರು? ನಾನ್ ಮನೆಯಿಂದ ಬಾಟ್ಲಿ ತಂದಿದೀನಲ್ಲ!"

ಅಂದಿನಿಂದ ಪಾನಿಪೂರಿ ಗಾಡಿ ಕಂಡರೆ ಅಣ್ಣ ರಸ್ತೆ ದಾಟಿಬಿಡುತ್ತಿದ್ದ.

ಇಂಥವನು ಯಾವ ಪರೀಕ್ಷೆಯೂ ಇಲ್ಲದೆ ಗಟಗಟ ಕುಡಿಯುತ್ತಿದ್ದುದು ನಾನು ಕೊಟ್ಟ ನೀರನ್ನು ಮಾತ್ರ. ಈ ಬೇಸಿಗೆಯಲ್ಲಿ ನಲ್ಲಿ ನಿಂತುಹೋಗಿ ಟ್ಯಾಂಕರ್ ಬಂತು. ಟೀವಿಯಲ್ಲಿ ಧಾರಾವಾಹಿ ಶುರುವಾಗಿತ್ತು. ಒಲೆ ಹಚ್ಚಿಕೊಂಡು ಕಾಯುವವರು ಯಾರು? ಹಾಗೇ ಚೊಂಬಿಗೆ ಸುರಿದು ಕೊಟ್ಟೆ.

"ಕುದ್ಸಿದೀಯಾ ಪುಟ್ಟಿ?"

"ಹೂಂ ಅಣ್ಣ."

ಎರಡು ದಿನಕ್ಕೆ ವಾಂತಿ, ಭೇದಿ, ಆಸ್ಪತ್ರೆ. ಕೈಗೆ ಡ್ರಿಪ್ಪು ಹಾಕಿದ ಡಾಕ್ಟರಮ್ಮ, "ಎಲ್ಲಿ ನೀರು ಕುಡಿದ್ರಿ?" ಎಂದು ಕೇಳಿದರು. ನಾನು ಗೋಡೆ ನೋಡಿದೆ. ಅಣ್ಣ ನನ್ನ ಮುಖವನ್ನೊಮ್ಮೆ ನೋಡಿದ.

"ಪಾನಿಪೂರಿ ತಿಂದೆ ಮೇಡಂ. ನಂದೇ ತಪ್ಪು."

"ಈ ವಯಸ್ಸಲ್ಲಿ ನಿಮಗೆ ಬಾಯಿಚಪಲ ಬೇರೆ!" ಎಂದು ಅವರು ಬೈದರು. ಮುನ್ನೂರು ಹೊಟ್ಟೆ ಕಾದವನು ತಲೆ ತಗ್ಗಿಸಿ ಬೈಸಿಕೊಂಡ.

ಅವರು ಆಚೆ ಹೋದ ಮೇಲೆ, ಮನೆಯಿಂದ ಕುದಿಸಿ ತಂದಿದ್ದ ನೀರನ್ನು ಲೋಟಕ್ಕೆ ಬಗ್ಗಿಸಿ, ಅವನೆದುರಿಗೇ ಮೊದಲು ನಾನು ಕುಡಿದೆ. ಆಮೇಲೆ ಹೇಳಿದೆ:

"ಅವತ್ತು ಕುದ್ಸಿರ್ಲಿಲ್ಲ ಅಣ್ಣ. ಸುಳ್ಳು ಹೇಳ್ದೆ. ತಪ್ಪಾಯ್ತು."