ಸೊಂಟಕ್ಕೂ ಪಂದ್ಯಕ್ಕೂ ಒಂದೇ ಪಿಸ್ತೂಲು

ನಾಚಿಕೆಪಡುವಂಥ ಪ್ರಸಂಗ ಕೆಲವರಿಗೆ ಆಯುಷ್ಯದಲ್ಲಿ ಒಂದೋ ಎರಡೋ ಬರುತ್ತದೆ. ನನ್ನ ವಿಷಯದಲ್ಲಿ ಒಂದು ಮುಗಿಯುವುದನ್ನೇ ಇನ್ನೊಂದು ಕಾಯುತ್ತಿರುತ್ತದೆ. ರಾಜ್ಯ ಏಕೀಕರಣವಾಗಿ ಎರಡು ಮೂರು ವರ್ಷವಾಗಿದ್ದ ಹೊತ್ತಿನಲ್ಲಿ ನಾನೊಂದು ಪಿಸ್ತೂಲು ಕೊಂಡೆ. ಅದರಿಂದ ಯಾರಿಗೂ ಗಾಯವಾಗಲಿಲ್ಲ. ಆದರೆ ಅದು ನನ್ನ ಸೊಂಟದಲ್ಲಿದ್ದ ಒಂದೂವರೆ ವರ್ಷದಲ್ಲಿ ನಾನು ತಲೆಯೆತ್ತಿ ನಡೆದ ದಿನಗಳು ಬಹಳ ಕಡಿಮೆ.

ಅರ್ಜಿಯಲ್ಲಿ ಬರೆದ ಕಾರಣ

ನಮ್ಮ ಮನೆ ಶಿಕಾರಿಪುರದಲ್ಲಿ, ಅಕ್ಕಿ ಗಿರಣಿ ಸೊರಬದಲ್ಲಿ. ವಾರಕ್ಕೆ ಮೂರು ಸಲ ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಓಡಾಟ. ಆ ದಾರಿಯಲ್ಲಿ ನನ್ನನ್ನು ಯಾರೂ ಯಾವತ್ತೂ ತಡೆದವರಲ್ಲ. ಪಿಸ್ತೂಲು ಬೇಕೆನಿಸಿದ್ದು ನನ್ನ ಷಡ್ಡಕರಿಂದ, ಅಂದರೆ ಹೆಂಡತಿಯ ಅಕ್ಕನ ಗಂಡನಿಂದ. ಅವರ ಹತ್ತಿರ ಜೋಡು ನಳಿಗೆಯ ಕೋವಿ ಇತ್ತು. ಮಾವನ ಮನೆಗೆ ಹೋದರೆ ಅವರಿಗೆ ಕುರ್ಚಿ ಹಾಕುತ್ತಿದ್ದರು, ನನಗೆ ಚಾಪೆ.

ಕುರ್ಚಿಯ ವಿಷಯವನ್ನು ಲೈಸೆನ್ಸಿನ ಅರ್ಜಿಯಲ್ಲಿ ಬರೆಯುವಂತಿಲ್ಲ. ಆದ್ದರಿಂದ, ಜಡೆ ಊರಿನ ಕಡೆ ಭತ್ತ ನೋಡಲು ಹೋಗಿದ್ದಾಗ ಅಪರಿಚಿತನೊಬ್ಬ ಉದ್ದನೆಯ ಆಯುಧ ಹಿಡಿದು ನನ್ನನ್ನು ಅಟ್ಟಿಸಿಕೊಂಡು ಬಂದ, ದೇವರ ದಯೆಯಿಂದ ಬಸ್ಸು ಸಿಕ್ಕಿ ಉಳಿದೆ ಎಂದು ಬರೆದೆ. ಇದು ಪೂರ್ತಿ ಸುಳ್ಳಲ್ಲ. ಹಿಂದಿನಿಂದ ಯಾರೋ ಕೂಗಿಕೊಂಡು ಓಡಿ ಬಂದದ್ದು ನಿಜ. ನಾನು ತಿರುಗಿ ಸರಿಯಾಗಿ ನೋಡದೆ ಓಡಿ ಬಸ್ಸು ಹತ್ತಿದ್ದೂ ನಿಜ.

ಕಾಗದ ಎಲ್ಲೋ ಹೋಗಿ ಧೂಳು ತಿನ್ನುತ್ತದೆ ಅಂದುಕೊಂಡಿದ್ದೆ. ಆದರೆ ವಿಚಾರಣೆಗೆ ನೇಮಕವಾದ ದಫೇದಾರರು ಕೆಲಸದಲ್ಲಿ ಬಹಳ ಚುರುಕು. ಹದಿನೈದು ದಿನದಲ್ಲಿ ನನ್ನನ್ನು ಸ್ಟೇಷನ್ನಿಗೆ ಕರೆಸಿದರು. ಅಲ್ಲಿ ಬೆಂಚಿನ ಮೇಲೆ ಕಂಬಳಿ ಹೊದ್ದ ಒಬ್ಬ ವಯಸ್ಸಾದ ರೈತ ಕೂತಿದ್ದ. ಅವನ ತೊಡೆಯ ಮೇಲೆ ನನ್ನ ಕೊಡೆ ಇತ್ತು.

ನನ್ನನ್ನು ನೋಡಿ ಅವನು ಎದ್ದು ಎರಡೂ ಕೈಯಿಂದ ಕೊಡೆಯನ್ನು ಚಾಚಿದ. ಅವತ್ತು ಅವನ ಮನೆಯ ಜಗುಲಿಯ ಮೇಲೆ ನಾನು ಬಿಟ್ಟು ಹೋಗಿದ್ದೆನಂತೆ. ಕೂಗಿದರೆ ನಾನು ಓಡಿದೆನಂತೆ, ನಾನು ಓಡಿದ್ದಕ್ಕೆ ಅವನೂ ಓಡಿದನಂತೆ. ಬೆಳಗಿನಿಂದ ಕಳ್ಳನ ಹಾಗೆ ಕೂತಿದ್ದ ಆ ಮನುಷ್ಯನಿಗೆ ನನ್ನ ಅರ್ಜಿಯ ಸಂಗತಿ ಗೊತ್ತಿರಲಿಲ್ಲ. ನಾನು ಬಂದು ಬಿಡಿಸಿದೆ ಅಂತ ತಿಳಿದು ಕಾಲು ಮುಟ್ಟಲು ಬಗ್ಗಿದ. ನಾನು ಹಿಂದೆ ಸರಿದು ಗೋಡೆಗೆ ಒರಗಿದೆ.

ದಫೇದಾರರು ನಗಲಿಲ್ಲ. ರಿಜಿಸ್ಟರು ತೆರೆದು ನನ್ನ ಕಡೆ ತಿರುಗಿಸಿದರು.

"ಆಯುಧ ಸಿಕ್ಕಿದೆ. ನಿಮ್ಮದೇ ಅಂತ ಗುರುತು ಹಿಡಿದು ಸಹಿ ಮಾಡಿ."

ಎರಡಕ್ಕೂ ಬೇಕು

ಇಷ್ಟಾದರೂ ಲೈಸೆನ್ಸು ಬಂತು. ಜಮೀನು, ಗಿರಣಿ ಇದ್ದವನು, ತಂಟೆಕೋರನಲ್ಲ ಎಂದು ದಫೇದಾರರು ಷರಾ ಬರೆದಿದ್ದರು. ಓಡುವ ಸ್ವಭಾವದವನು ಎಂದೂ ಬರೆದಿದ್ದರೋ ಏನೋ, ನಾನು ಕೇಳಲಿಲ್ಲ.

ಶಿರಾಳಕೊಪ್ಪದಲ್ಲಿ ಕೋವಿ ರಿಪೇರಿ ಮಾಡಿ ಮಾರುವ ಸಾಹೇಬರೊಬ್ಬರಿದ್ದರು. ಅರವತ್ತು ದಾಟಿದ ವಯಸ್ಸು, ಕಡಿಮೆ ಮಾತು. ಸುತ್ತ ಮೂವತ್ತು ಹಳ್ಳಿಗಳ ಕೋವಿಗಳನ್ನು ಅವರು ದನಿಯಿಂದಲೇ ಗುರುತಿಸುತ್ತಿದ್ದರು. ನಾನು ಹೋದಾಗ ಅವರ ಮೊದಲ ಪ್ರಶ್ನೆ, ದಿನಾ ಸೊಂಟದಲ್ಲಿ ಇಟ್ಟುಕೊಂಡು ತಿರುಗಲಿಕ್ಕೋ, ಗುರಿ ಹೊಡೆಯುವ ಪಂದ್ಯಕ್ಕೋ ಎಂದು. ಎರಡಕ್ಕೂ ಅಂದೆ. ಅವು ಎರಡು ಬೇರೆ ಸಾಮಾನು, ಸೊಂಟಕ್ಕೆ ಹಗುರ ಬೇಕು, ಪಂದ್ಯಕ್ಕೆ ತೂಕ ಬೇಕು ಎಂದು ತಿಳಿಹೇಳಿದರು. ಷಡ್ಡಕರ ಕೋವಿ ನನ್ನ ಕಣ್ಣಮುಂದೆ ಇದ್ದುದರಿಂದ ನನಗೆ ಅದು ತಲೆಗೆ ಹೋಗಲಿಲ್ಲ.

ಅವರು ಎರಡು ಪಿಸ್ತೂಲು ತೆಗೆದಿಟ್ಟರು. ಒಂದು ಸಣ್ಣದು, ಟ್ರಿಗರ್ ಎಳೆದರೆ ಸಾಕು, ಗುಂಡು ಹಾರುತ್ತದೆ. ಇನ್ನೊಂದು ಹಳೆಯ ಕಾಲದ್ದು, ಉದ್ದ ನಳಿಗೆ, ಆರು ತೋಟಾ ತುಂಬುವ ಗಾಲಿ, ಬೀಟೆಮರದ ಹಿಡಿ. ಅದರ ಹಿಂದೆ ಸುತ್ತಿಗೆಯಂಥ ಒಂದು ತುಂಡು, ನಮ್ಮ ಕಡೆ ಅದಕ್ಕೆ ಕುದುರೆ ಅನ್ನುತ್ತಾರೆ. ಪ್ರತಿ ಗುಂಡಿಗೂ ಮೊದಲು ಹೆಬ್ಬೆರಳಿನಿಂದ ಆ ಕುದುರೆಯನ್ನು ಹಿಂದಕ್ಕೆಳೆದು ಕೂರಿಸಬೇಕು. ಕೂರಿಸದೆ ಟ್ರಿಗರ್ ಎಷ್ಟು ಎಳೆದರೂ ಏನೂ ಆಗುವುದಿಲ್ಲ. ಕೂರಿಸಿದ ಮೇಲೆ ಮಾತ್ರ ಬೆರಳು ತಾಗಿದರೆ ಸಾಕು.

ಕುದುರೆ ಎಳೆದಾಗ ಬಂದ ಶಬ್ದಕ್ಕೆ ನಾನು ಸೋತುಹೋದೆ. ಮಾವನ ಮನೆಯ ಪಡಸಾಲೆಯಲ್ಲಿ ಆ ಶಬ್ದ ಮಾಡಿದರೆ ಕುರ್ಚಿ ತಾನಾಗಿ ಬರುತ್ತದೆ ಅನ್ನಿಸಿತು. ಸಾಹೇಬರೂ ನನಗೆ ಅದೇ ಒಳ್ಳೆಯದು ಅಂದರು. ನನ್ನ ಅಂಗೈ ನೋಡಿ ಹೇಳುತ್ತಿದ್ದಾರೆ, ಗುರಿಕಾರನ ಕೈ ಇರಬೇಕು ಎಂದು ಉಬ್ಬಿ, ಯಾಕೆ ಸಾಹೇಬ್ರೆ ಎಂದು ಕೇಳಿದೆ.

"ಸಣ್ಣದು ತಕ್ಷಣ ಹಾರುತ್ತೆ ಸಾವ್ಕಾರ್ರೆ. ನಿಮಗೆ ಯೋಚನೆ ಮಾಡೋಕೆ ಸ್ವಲ್ಪ ಪುರಸೊತ್ತು ಸಿಗಲಿ."

ಐದು ಗುಂಡು, ಆರು ತೂತು

ಆ ವರ್ಷ ಗಣರಾಜ್ಯೋತ್ಸವಕ್ಕೆ ಶಿಕಾರಿಪುರದ ಹೊರಗಿನ ಹಳೆಯ ಕಲ್ಲುಗಣಿಯಲ್ಲಿ ಗುರಿ ಹೊಡೆಯುವ ಪಂದ್ಯ ಇಟ್ಟಿದ್ದರು. ಲೈಸೆನ್ಸು ಇದ್ದವರೆಲ್ಲ ಸೇರಬಹುದು. ಒಬ್ಬೊಬ್ಬರಿಗೆ ಒಂದೊಂದು ಹಲಗೆ, ಹಲಗೆಯ ನಡುವೆ ಸುಣ್ಣದ ವೃತ್ತ, ಐದು ಗುಂಡು. ತೀರ್ಪು ಹೇಳಲು ಅದೇ ದಫೇದಾರರು. ಏನಾದರೂ ಕೆಟ್ಟರೆ ಸರಿಮಾಡಲೆಂದು ಶಿರಾಳಕೊಪ್ಪದ ಸಾಹೇಬರನ್ನೂ ಕರೆಸಿ ಕೂರಿಸಿದ್ದರು. ನನಗಿಂತ ಮುಂಚೆ ಷಡ್ಡಕರ ಸರದಿ. ಅವರ ಐದೂ ಗುಂಡು ಹಲಗೆಗೆ ಬಿದ್ದವು, ಆದರೆ ಒಂದೂ ಸುಣ್ಣದ ವೃತ್ತದೊಳಗೆ ಹೋಗಲಿಲ್ಲ. ನನಗೆ ಒಳಗೊಳಗೇ ಸಂತೋಷ.

ಕುದುರೆ ಎಳೆದು ಕೂರಿಸುವುದನ್ನು ಮನೆಯಲ್ಲಿ ಖಾಲಿ ಪಿಸ್ತೂಲಿನಲ್ಲಿ ನೂರು ಸಲ ಅಭ್ಯಾಸ ಮಾಡಿದ್ದೆ. ಅಷ್ಟು ಜನರನ್ನು ಕಂಡದ್ದೇ ಅದೊಂದು ಬಿಟ್ಟು ಉಳಿದದ್ದೆಲ್ಲ ನೆನಪಾಯಿತು. ನಿಂತ ಭಂಗಿ ಚೆನ್ನಾಗಿತ್ತಂತೆ. ಟ್ರಿಗರ್ ಎಳೆದೆ, ಏನೂ ಆಗಲಿಲ್ಲ. ಮತ್ತೆ ಎಳೆದೆ. ಮೂರನೆಯ ಸಲಕ್ಕೆ ಜನ ಗುಸುಗುಸು ಶುರುಮಾಡಿದರು. ಷಡ್ಡಕರು ಕೆಮ್ಮಿದರು. ನನಗೆ ತಲೆ ಕೆಟ್ಟಿತು. ಜನರ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, ತೋಟಾ ಕೆಟ್ಟದ್ದು, ಈ ಸಾಹೇಬರು ನನಗೆ ಮೋಸ ಮಾಡಿದ್ದಾರೆ ಅಂದುಬಿಟ್ಟೆ.

ಸಾಹೇಬರು ಕೂತ ಕಲ್ಲಿನಿಂದ ಎದ್ದು ಬಂದರು. ನನ್ನ ಕೈಯಿಂದ ಪಿಸ್ತೂಲು ತೆಗೆದುಕೊಂಡು, ನಳಿಗೆಯ ಬಾಯಿಯನ್ನು ಹಲಗೆಗಳ ಕಡೆಗೇ ಹಿಡಿದು, ಹೆಬ್ಬೆರಳಿನಿಂದ ಕುದುರೆ ಕೂರಿಸಿ ಮರಳಿ ಕೊಟ್ಟರು. "ಈಗ ಹೊಡೀರಿ" ಅಂದರು, ಅಷ್ಟೇ. ನನಗೆ ಮುಖ ಉರಿಯಿತು. ಗುರಿ ಹಿಡಿಯುವ ಮೊದಲೇ ಬೆರಳು ತಾಗಿತು. ಢಂ ಎಂದಿತು. ನನ್ನ ಹಲಗೆ ಹಾಗೇ ಇತ್ತು. ಪಕ್ಕದ ಷಡ್ಡಕರ ಹಲಗೆಯ ಸುಣ್ಣದ ವೃತ್ತದ ಸರಿಯಾದ ನಟ್ಟನಡುವೆ ಸಣ್ಣದೊಂದು ತೂತು ಬಿದ್ದಿತ್ತು.

ಉಳಿದ ಗುಂಡು ನಾನು ಹೊಡೆಯಲಿಲ್ಲ. ಕೊನೆಗೆ ಎಣಿಸಿದಾಗ ಷಡ್ಡಕರ ಹಲಗೆಯಲ್ಲಿ ಐದು ದೊಡ್ಡ ತೂತು, ಒಂದು ಸಣ್ಣ ತೂತು. ನಡುವಿನದು ನನ್ನದು ಎಂದು ನಾನು ದಫೇದಾರರ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. ಅವರು ಹಲಗೆಯ ಹತ್ತಿರ ಹೋಗಿ ತೂತಿಗೆ ಬೆರಳಿಟ್ಟು ನೋಡಿದರು.

"ತೂತು ನಿಮ್ಮದಿರಬಹುದು ರೀ. ಹಲಗೆ ಅವರದು."

ಹಿತ್ತಾಳೆಯ ಲೋಟ ಷಡ್ಡಕರಿಗೆ ಹೋಯಿತು.

ಸಂತೆಯ ದಿನ

ಲೋಟ ಹೋದದ್ದಕ್ಕಿಂತ ಸಾಹೇಬರಿಗೆ ಅಂದ ಮಾತು ನನ್ನನ್ನು ಹೆಚ್ಚು ಕೊರೆಯಿತು. ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ, ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿಕೊಂಡು ಶಿರಾಳಕೊಪ್ಪಕ್ಕೆ ಹೋಗಿ ತಪ್ಪಾಯಿತು ಅಂದೆ. ಅವರು ಅರದಿಂದ ಏನನ್ನೋ ಉಜ್ಜುತ್ತಿದ್ದರು, ತಲೆಯೆತ್ತಲಿಲ್ಲ.

"ಮೋಸ ಅಂದದ್ದು ಊರಿನವರ ಮುಂದೆ. ತಪ್ಪಾಯ್ತು ಅನ್ನೋದು ನಾನೊಬ್ಬನೇ ಇರೋವಾಗ. ಸಂತೆ ದಿನ ಬನ್ನಿ ಸಾವ್ಕಾರ್ರೆ."

ಸಂತೆಯ ದಿನ ಹೋದೆ. ಅಂಗಡಿ ಮುಂದೆ ಹತ್ತು ಹನ್ನೆರಡು ರೈತರು ಕೋವಿ ಹಿಡಿದು ನಿಂತಿದ್ದರು. ರುಮಾಲು ತೆಗೆದು, ಕೈಮುಗಿದು, ಈ ಸಾಹೇಬರು ನನಗೆ ಕೊಟ್ಟ ಸಾಮಾನಿನಲ್ಲಿ ಯಾವ ದೋಷವೂ ಇರಲಿಲ್ಲ, ನಾನು ಹೇಳಿದ್ದು ಸುಳ್ಳು ಎಂದು ಜೋರಾಗಿ ಹೇಳಿದೆ. ಹೇಳಿದ ಮೇಲೆ ಎದೆ ಹಗುರಾಯಿತು. ಸಾಹೇಬರು ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಸಾಲಿನಲ್ಲಿದ್ದ ಒಬ್ಬ ರೈತ, ಹಾಗಾದರೆ ಅವತ್ತು ಕೆಟ್ಟಿದ್ದು ಏನು ಎಂದು ಕೇಳಿದ. ಬೇರೆ ದಾರಿಯಿಲ್ಲದೆ, ನಾನೇ ಅಂದೆ.

ಸಾಹೇಬರು ನನ್ನ ಕೈ ಬಿಡದೆ ಅವನಿಗೆ ಹೇಳಿದರು. "ಅದರ ರಿಪೇರಿ ನಮ್ಮಲ್ಲಿ ಇಲ್ಲ."

ಎಲುಬು

ಕೊನೆಯದನ್ನು ನಾನು ನನ್ನ ತಂಗಿಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. ಹೇಳದಿದ್ದರೂ ಅರ್ಧ ತಾಲ್ಲೂಕಿಗೆ ಗೊತ್ತು.

ಅಪ್ಪ ತೀರಿಕೊಂಡಿದ್ದರಿಂದ ತಂಗಿಯ ಮದುವೆಯ ಮಾತುಕತೆ ನನ್ನ ಮೇಲಿತ್ತು. ಗಂಡಿನ ಊರು ಅಂಬ್ಲಿಗೊಳದ ಕಡೆ. ಒಳ್ಳೆಯ ಜನ, ಒಳ್ಳೆಯ ಹುಡುಗ. ಅದಕ್ಕೂ ಹಿಂದೆ ಎರಡು ಸಂಬಂಧ ತಪ್ಪಿಹೋಗಿದ್ದವು, ಇದೂ ತಪ್ಪಿದರೆ ಅಮ್ಮ ಹಾಸಿಗೆ ಹಿಡಿಯುತ್ತಿದ್ದಳು. ಹೊರಡುವಾಗ ನನ್ನ ಹೆಂಡತಿ, "ಶುಭಕಾರ್ಯಕ್ಕೆ ಹೊರಟಿದ್ದೀರಿ, ಅದನ್ನ ಮನೇಲಿಡ್ರೀ" ಅಂದಳು. ಲೈಸೆನ್ಸು ಇದ್ದವರು ಸದಾ ಜೊತೆಗೆ ಇಟ್ಟುಕೊಳ್ಳಬೇಕೆಂದು ಕಾನೂನಿದೆ ಎಂದೆ. ಅಂಥ ಕಾನೂನು ಎಲ್ಲೂ ಇಲ್ಲ.

ಅವರ ಪಡಸಾಲೆಯಲ್ಲಿ ಜಮಖಾನ ಹಾಸಿದ್ದರು. ಕೂತೆ. ಪಂಚೆಯ ಮೇಲೆ ಬೆಲ್ಟು, ಬೆನ್ನ ಕಡೆ ಬೆಲ್ಟಿನೊಳಗೆ ಪಿಸ್ತೂಲು, ಮೇಲೆ ಕೋಟು. ನಳಿಗೆ ಉದ್ದ ಅಂದೆನಲ್ಲ, ಬಗ್ಗಿದರೆ ಚುಚ್ಚುತ್ತದೆ. ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಡಲೂ ಆಗದೆ ಗರುಡಗಂಬದ ಹಾಗೆ ನೆಟ್ಟಗೆ ಕೂತಿದ್ದೆ. ಗಂಡಿನ ತಂದೆ ನನ್ನನ್ನೇ ಗಮನಿಸುತ್ತಿದ್ದರು. ಸೊಂಟ ಹಿಡಿದಿದೆಯೇ ಎಂದು ಕೇಳಿದರು. ಬಚಾವಾದೆ ಅಂದುಕೊಂಡು ಹೌದು ಅಂದೆ.

ಅವರ ಪಕ್ಕದ ಮನೆಯ ಅಜ್ಜ ಎಲುಬು ಕೂರಿಸುವುದರಲ್ಲಿ ಹೆಸರುವಾಸಿಯಂತೆ. ಬೇಡ ಬೇಡ ಅನ್ನುವಷ್ಟರಲ್ಲಿ ಅಜ್ಜ ಬಂದು ಬೆನ್ನ ಹಿಂದೆ ಕೂತಾಗಿತ್ತು. ಕೋಟಿನ ಮೇಲಿನಿಂದಲೇ ಒತ್ತಿ ನೋಡಿದ. ಕೈ ಒಂದು ಕಡೆ ನಿಂತಿತು. ಮೇಲಿಂದ ಕೆಳಗೆ ಸವರಿದ.

"ಎಲುಬು ಹೊರಗೆ ಬಂದೈತೆ" ಅಂದ ಅಜ್ಜ. "ಬಹಳ ದಿನದ್ದು. ಕಬ್ಬಿಣದಂಗೆ ಗಟ್ಟಿಯಾಗೈತೆ. ಇಬ್ಬರು ಭುಜ ಹಿಡ್ಕೊಳ್ರಿ, ಮೊಣಕಾಲು ಕೊಟ್ಟು ಒಂದೇ ಏಟಿಗೆ ಒಳಗೆ ಕೂರಿಸ್ತೀನಿ."

ಇಬ್ಬರು ಬಂದು ಭುಜ ಹಿಡಿದೂಬಿಟ್ಟರು. ಗಾಲಿಯಲ್ಲಿ ಕುದುರೆಯ ಎದುರಿಗೆ ಬರುವ ಮನೆಯಲ್ಲಿ ತೋಟಾ ಇಡಬೇಡಿ, ಪೆಟ್ಟು ಬಿದ್ದರೆ ಹಾರುತ್ತದೆ ಎಂದು ಸಾಹೇಬರು ಎಚ್ಚರಿಸಿದ್ದರು. ನಾನು ಜಂಬಕ್ಕೆ ಆರನ್ನೂ ತುಂಬಿದ್ದೆ. ಅಜ್ಜನ ಮೊಣಕಾಲು ಬೆನ್ನಿಗೆ ತಾಗಿದಾಗ ನನ್ನ ಮಾನಕ್ಕಿಂತ ಜೀವ ದೊಡ್ಡದಾಗಿ ಕಂಡಿತು.

"ಒತ್ತಬೇಡ್ರಪ್ಪಾ, ಅದು ಎಲುಬಲ್ಲ, ಪಿಸ್ತೂಲು."

ಭುಜ ಹಿಡಿದವರು ಬಿಟ್ಟು ದೂರ ಸರಿದರು. ನಾನು ಅದನ್ನು ಮೆಲ್ಲಗೆ ತೆಗೆದು, ಆರೂ ತೋಟಾ ಉದುರಿಸಿ, ಬೇರೆ ಜಾಗ ಕಾಣದೆ ಎಲೆಅಡಿಕೆಯ ತಟ್ಟೆಯ ಪಕ್ಕದಲ್ಲಿಟ್ಟೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಗಸರು ಒಳಗೆ ಹೋದರು. ಗಂಡಿನ ತಂದೆ ಪಿಸ್ತೂಲನ್ನು ನೋಡಿದರು, ನನ್ನನ್ನು ನೋಡಿದರು.

"ನಿಮ್ಮ ತಂಗಿ ನಮಗೆ ಮೊದಲೇ ಒಪ್ಪಿಗೆಯಾಗಿದ್ದಳು" ಅಂದರು. "ಊಟ ಆದ ಮೇಲೆ ಹೇಳೋಣ ಅಂತಿದ್ದೆ. ಈಗಲೇ ಹೇಳಿಬಿಡ್ತೀನಿ."

ನಾನು ಏನು ವಿವರಿಸಿದರೂ ಅವರು ಆಗಲಿ ಆಗಲಿ ಅನ್ನುತ್ತಲೇ ಇದ್ದರು. ಮದುವೆ ಚೆನ್ನಾಗಿಯೇ ನಡೆಯಿತು. ಬೀಗರ ಕಡೆಯವರು ಒಂದು ಬೇಡಿಕೆಯನ್ನೂ ಇಡಲಿಲ್ಲ. ಅದು ನನ್ನನ್ನು ಇನ್ನಷ್ಟು ಕುಗ್ಗಿಸಿತು. ಮರುವಾರವೇ ಪಿಸ್ತೂಲನ್ನು ಮಾರಿ ಲೈಸೆನ್ಸು ಒಪ್ಪಿಸಿದೆ.

ತಂಗಿ ಮೊದಲ ಸಲ ತವರಿಗೆ ಬಂದಾಗ ಅವಳ ಮುಂದೆ ಕೂತು ಎಲ್ಲ ಹೇಳಿಕೊಂಡೆ. ನಿನ್ನ ಜೊತೆಗೇ ಬರುತ್ತೇನೆ, ನಾನು ಅಂಥವನಲ್ಲ, ಅದನ್ನು ಮಾರಿಯೂ ಆಯಿತು ಎಂದು ನಿನ್ನ ಮಾವನವರಿಗೆ ಹೇಳಿ ಬರುತ್ತೇನೆ ಅಂದೆ. ಅವಳು ಕಾಫಿ ಲೋಟ ಕೆಳಗಿಟ್ಟು ನನ್ನ ಕೈ ಹಿಡಿದಳು.

"ದಮ್ಮಯ್ಯ ಅಂತೀನಿ ಅಣ್ಣ, ಮಾರಿದ್ದು ಅಲ್ಲಿ ಯಾರಿಗೂ ಹೇಳಬೇಡ. ನಮ್ಮತ್ತೆ ಇವತ್ತಿನವರೆಗೂ ನನಗೆ ಒಂದು ಮಾತು ಜೋರಾಗಿ ಅಂದಿಲ್ಲ."