ಹನಿ ಸೋಕದ ದ್ರಾಕ್ಷಿ

ಉತ್ತರಕ್ರಿಯೆಯ ಬೊಜ್ಜ ಕಳೆದ ಮರುದಿನ ಬೆಳಿಗ್ಗೆ ಶಶಿಪ್ರಭಾ ಎದ್ದು ಬಂದಾಗ ಅಂಗಳದಲ್ಲಿ ಅಳುವವರು ಯಾರೂ ಇರಲಿಲ್ಲ. ಹದಿಮೂರು ದಿನ ಪಾಳಿ ಹಾಕಿಕೊಂಡಂತೆ ಬಂದು ಅತ್ತ ನೆಂಟರು, ಕೊನೆಯ ಊಟದ ಸಾರು ನೀರಾಗಿತ್ತೋ ದಪ್ಪಗಿತ್ತೋ ಎಂಬ ಚರ್ಚೆಯನ್ನು ಅರ್ಧಕ್ಕೇ ನಿಲ್ಲಿಸಿ ಬಸ್ಸು ಹತ್ತಿದ್ದರು. ಕಾಫಿ ಎಂದಿನಂತೆ ಇತ್ತು. ಕಾಗೆ ಎಂದಿನ ಕೊಂಬೆಯ ಮೇಲೇ ಕೂತಿತ್ತು. ಗಂಡ ಕಮಲಾಕ್ಷ ಮಾತ್ರ ಇರಲಿಲ್ಲ. ಜೊತೆಗೆ ಮೂಡಣದಲ್ಲಿ, ಚಾರ್ಮಾಡಿ ಘಾಟಿಯ ಕಡೆ, ಒಂದು ಮೋಡ ಎದ್ದಿತ್ತು.

ಮೋಡವೆಂದರೆ ದೊಡ್ಡದೇನಲ್ಲ, ಒಂದು ನೀರುದೋಸೆಯಷ್ಟು. ಆ ದಿನದ ರಾದ್ಧಾಂತಕ್ಕೆಲ್ಲ ಅಷ್ಟೇ ಸಾಕಾಯಿತು.

ಕಮಲಾಕ್ಷನಿಗೆ ನಾಲ್ಕು ವರ್ಷದ ಹಿಂದೆ ದ್ರಾಕ್ಷಿಯ ಹುಚ್ಚು ಹಿಡಿದಿತ್ತು. ಬೆಂಗಳೂರು ಕಡೆಯಿಂದ ಕಡ್ಡಿ ತಂದು ಸಿದ್ಧಕಟ್ಟೆಯ ಗುಡ್ಡದ ಬದಿಯಲ್ಲಿ ಹನ್ನೆರಡು ಬಳ್ಳಿ ನೆಟ್ಟು ಚಪ್ಪರಕ್ಕೆ ಹಬ್ಬಿಸಿದ್ದ. ದ್ರಾಕ್ಷಿಗೆ ಒಣಹವೆ ಬೇಕು. ಸಿದ್ಧಕಟ್ಟೆಯಲ್ಲಿ ಮೀನು ಒಣಗುವುದೇ ಕಷ್ಟ. ಕಾಯಿ ಕಪ್ಪಾದ ಮೇಲೂ ಹತ್ತು ದಿನ ಉರಿಬಿಸಿಲು ಸಿಕ್ಕಿದರೆ ಮಾತ್ರ ಒಳಗೆ ಸಿಹಿ ಕೂಡುತ್ತದೆ. ಆ ಹತ್ತು ದಿನದಲ್ಲಿ ಒಂದು ಮಳೆ ಬಿದ್ದರೆ ಹಣ್ಣು ನೀರು ಕುಡಿದು ಬಿರಿದು, ಕಣಜಗಳಿಗೆ ಸಂತರ್ಪಣೆಯಾಗುತ್ತದೆ. ಕಳೆದ ಎರಡು ಬೇಸಿಗೆಯಲ್ಲೂ ಸಂತರ್ಪಣೆಯೇ ಆಗಿತ್ತು. ಎರಡು ಸಲವೂ ಫೇಲಾದ ಆ ಚಪ್ಪರಕ್ಕೆ ಊರಿನವರು "ಕಮಲಾಕ್ಷನ ಬಿ.ಎಸ್ಸಿ." ಎಂದು ಹೆಸರಿಟ್ಟಿದ್ದರು.

ಹಣ್ಣು ಹೋಗಬೇಕಾದದ್ದು ಬಂಟ್ವಾಳಕ್ಕೆ, ವೆಂಕಟೇಶ್ವರ ಪಂಡಿತರ ದ್ರಾಕ್ಷಾಸವದ ಕಾರ್ಖಾನೆಗೆ. ಪಾನನಿರೋಧ ಬಂದ ಮೇಲೆ ತಾಲೂಕಿನಲ್ಲಿ ಕೆಮ್ಮು ವಿಪರೀತ ಹೆಚ್ಚಿ, ಪಂಡಿತರ ಔಷಧಕ್ಕೆ ಒಳ್ಳೆಯ ಹೆಸರು ಬಂದಿತ್ತು. ಗಟ್ಟಿಮುಟ್ಟಾದ ಗಂಡಸರು ಸಂಜೆ ಆರಕ್ಕೆ ಸರಿಯಾಗಿ ಕೆಮ್ಮುತ್ತ ಅಲ್ಲಿಗೆ ಹೋಗಿ, ಎಂಟಕ್ಕೆ ಹಾಡುತ್ತ ಹಿಂದಿರುಗುತ್ತಿದ್ದರು. ಪಂಡಿತರು ಕಮಲಾಕ್ಷನಿಗೆ ಮಾತು ಕೊಟ್ಟಿದ್ದರು: "ಮೊದಲ ಮಳೆಗೆ ಮುಂಚೆ, ಹನಿ ಸೋಕದ ಹಣ್ಣು ತಾ. ತೊಟ್ಟು ಕಂದಿರಬೇಕು. ಎಷ್ಟಿದ್ದರೂ ನಾನು ತೆಗೊಳ್ತೇನೆ."

ಈ ವರ್ಷ ಮೇ ತಿಂಗಳ ಅರ್ಧ ಕಳೆದರೂ ಹನಿ ಬಿದ್ದಿರಲಿಲ್ಲ. ಬಾವಿಯ ತಳ ಕಾಣುತ್ತಿತ್ತು. ಚಪ್ಪರದ ತುಂಬ ಕಪ್ಪು ಗೊಂಚಲು. ಹಣ್ಣಿಗೆ ಬೇಕಾದ ಹವೆ ಕೊನೆಗೂ ಬಂದಿತ್ತು. ಕಾದಿದ್ದವನು ಹನ್ನೆರಡು ದಿನದ ಜ್ವರದಲ್ಲಿ ಹೋಗಿಬಿಟ್ಟಿದ್ದ.

ಆಸ್ತಿ ಹೆಣ್ಣಿನ ಪಾಲಿಗೆ ಬರುವ ಅಳಿಯಕಟ್ಟಿನ ಪ್ರಕಾರ ಮನೆ ನಾದಿನಿ ರಾಜೀವಿಯದು. ಶಶಿಪ್ರಭಾಳನ್ನು ತವರೂರು ಕಕ್ಕಿಂಜೆಗೆ ಕರೆದೊಯ್ಯಲು ನಾಳೆ ಅಣ್ಣ ಬರುವವನಿದ್ದ. ಹೋಗುವುದರ ಬಗ್ಗೆ ಅವಳಿಗೆ ಬೇಸರವೂ ಇರಲಿಲ್ಲ, ಸಂತೋಷವೂ ಇರಲಿಲ್ಲ. ಹದಿಮೂರು ದಿನದಿಂದ ಅವಳಿಗೆ ಯಾವುದೂ ಸರಿಯಾಗಿ ತಾಗುತ್ತಿರಲಿಲ್ಲ. ಒಂದು ಮಾತ್ರ ಆಗಬೇಕಿತ್ತು. ಗಂಡನ ಹಣ್ಣು ಒಂದು ಬುಟ್ಟಿಯಾದರೂ ಮಳೆಗೆ ಮುಂಚೆ ಪಂಡಿತರ ಭರಣಿಗೆ ಬೀಳಬೇಕು. ಕಮಲಾಕ್ಷ ಮರುಳನಲ್ಲ ಎಂದು ಒಂದು ಭರಣಿಯಾದರೂ ಸಾಕ್ಷಿ ಹೇಳಬೇಕು. ಆಮೇಲೆ ಕಕ್ಕಿಂಜೆಯಾದರೂ ಸೈ, ಕಾಶಿಯಾದರೂ ಸೈ.

ಕತ್ತರಿ ಹಿಡಿದು ಅಂಗಳಕ್ಕಿಳಿದಳು. ಅಷ್ಟರಲ್ಲಿ ಸೋದರಮಾವ ಚಿನ್ನಯ್ಯ ಹಾಜರಾದ. ಕಮಲಾಕ್ಷನ ಮಾವನಾದ ಅವನಿಗೆ ಎಪ್ಪತ್ತು ವರ್ಷ. ಹವೆಯ ವಿಷಯದಲ್ಲಿ ಅವನು ಹೇಳಿದ್ದು ಒಮ್ಮೆಯೂ ನಿಜವಾಗಿರಲಿಲ್ಲ. ಹಾಗಾಗಿ ಊರಿನಲ್ಲಿ ಅವನಿಗೆ ಅನುಭವಸ್ಥನೆಂದು ಮರ್ಯಾದೆ.

"ಶಶೀ, ಎಂತ ಮಾಡ್ತಿ? ಈಗಲೇ ಕೊಯ್ಯುವುದಾ? ಮಳೆಗಾಲದ ಗಡಿ ಪತ್ತನಾಜೆ, ಅದಕ್ಕೆ ಇನ್ನೂ ಎಂಟು ದಿನ ಉಂಟು. ಪತ್ತನಾಜೆಗೆ ಮುಂಚೆ ಮಳೆ ಬಂದದ್ದು ನಾನು ಕಂಡವನೇ ಅಲ್ಲ."

"ಹೋದ ವರ್ಷ ಬಂದಿತ್ತಲ್ಲ ಮಾವ? ಅದರ ಹಿಂದಿನ ವರ್ಷವೂ."

"ಅದು ಮಳೆಯಾ? ಅದು ಸುಮ್ಮನೆ ನೀರು."

ರಾಜೀವಿ ಪೊರಕೆ ಹಿಡಿದುಕೊಂಡೇ ಬಂದಳು. "ಕೊಯ್ಯುವುದಾದ್ರೆ ಮೊದಲ ಫಲ ದೈವಕ್ಕೆ. ಹಾಗೆಯೇ ತೆಗೊಂಡು ಹೋದ್ರೆ ಮನೆಯಲ್ಲಿ ಇನ್ನೊಂದು ಆದೀತು. ಒಂದು ಆದದ್ದು ಸಾಲದಾ?" ಎಂದು, ಉತ್ತರಕ್ಕೆ ಕಾಯದೆ, ಎದುರಿನ ಎರಡು ಬಳ್ಳಿಯ ಒಳ್ಳೆಯ ಗೊಂಚಲುಗಳನ್ನೆಲ್ಲ ಕಿತ್ತು ಸೆರಗಿನಲ್ಲಿ ತುಂಬಿಕೊಂಡಳು. ಈ ಮನೆಯ ದೈವ ತಲೆಮಾರಿನಿಂದ ಕೋಳಿ ತಿಂದು ಬಂದದ್ದು. ದ್ರಾಕ್ಷಿಯನ್ನು ಅದು ಏನು ಮಾಡಿತೋ ಯಾರಿಗೂ ತಿಳಿಯಲಿಲ್ಲ. ರಾಜೀವಿಯ ತುಟಿ ಮಾತ್ರ ಮಧ್ಯಾಹ್ನದವರೆಗೆ ನೇರಳೆ ಬಣ್ಣದಲ್ಲಿತ್ತು.

ಎಂಟು ಗಂಟೆಗೆ ಮೋಡ ದೋಸೆಯಿಂದ ಚಾಪೆಯಷ್ಟಾಯಿತು. ಆಗ ಚಿನ್ನಯ್ಯ ಅಭಿಪ್ರಾಯ ಬದಲಿಸಿದ. "ಹೋ! ಇದು ಬರುವ ಮಳೆಯೇ. ಮೊದಲು ಮುಚ್ಚುವ, ಆಮೇಲೆ ಕೊಯ್ಯುವ!" ಎಂದು, ಬೊಜ್ಜದ ಊಟಕ್ಕೆ ಹಾಕಿದ್ದ ಚಪ್ಪರದ ತೆಂಗಿನ ಮಡಲುಗಳನ್ನೆಲ್ಲ ಎಳೆದು ದ್ರಾಕ್ಷಿಯ ಚಪ್ಪರದ ಮೇಲೆ ಹೇರತೊಡಗಿದ. "ಬೇಡ ಮಾವ, ತಡೆಯಲಿಕ್ಕಿಲ್ಲ" ಎಂದಳು ಶಶಿಪ್ರಭಾ. "ಇನ್ನೂರು ಜನ ಉಂಡೆದ್ದ ಚಪ್ಪರದ ಮಡಲು ಮಾರಾಯ್ತಿ, ತಡೆಯದೆ ಎಂತ?" ಎಂದನು ಅವನು. ಇನ್ನೂರು ಜನ ಚಪ್ಪರದ ಕೆಳಗೆ ಕೂತು ಉಂಡದ್ದು, ಮೇಲೆ ಹತ್ತಿ ಅಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ. ಇಪ್ಪತ್ತನೆಯ ಮಡಲಿಗೆ ಪಡುವಣ ಮೂಲೆಯ ಕಂಬ ಮುರಿದು ನಾಲ್ಕು ಬಳ್ಳಿ ನೆಲ ಹಿಡಿದವು. ಕೆಳಗೆ ಸಿಕ್ಕಿಕೊಂಡ ಚಿನ್ನಯ್ಯನನ್ನು ಎಳೆದು ತೆಗೆದಾಗ, ಅವನು ದ್ರಾಕ್ಷಿಯ ರಸದಲ್ಲಿ ಅದ್ದಿದ ಬತ್ತಿಯ ಹಾಗಿದ್ದ.

"ನೋಡು," ಎಂದ ಅವನು ಮೀಸೆ ನೆಕ್ಕಿಕೊಂಡು, "ಸಿಹಿ ಬಂದಿದೆ."

ಉಳಿದದ್ದು ಆರು ಬಳ್ಳಿ. ಶಶಿಪ್ರಭಾ ಬುಟ್ಟಿ ತರಲು ಒಳಗೆ ಹೋದಳು. ಬೆತ್ತದ ಬುಟ್ಟಿಯನ್ನು ಅಟ್ಟದಿಂದ ಇಳಿಸಿ, ಒರೆಸಿ, ಬಾಳೆ ಎಲೆ ಹಾಸಿ ತರುವಷ್ಟರಲ್ಲಿ ಹೊರಗೆ ಚಿಸ್ ಚಿಸ್ ಎಂದು ಸದ್ದು ಕೇಳಿಸಿತು.

ಪಕ್ಕದ ತೋಟದ ಕೇಶವಪ್ರಸಾದ ಭಟ್ಟರು ಪಂಪು ಹೊತ್ತು ಚಪ್ಪರದ ಕೆಳಗೆ ನಿಂತಿದ್ದರು. ಭಟ್ಟರದು ಅಡಿಕೆ ಕೃಷಿ. ಮೋಡ ಕಂಡರೆ ಬೇರೆಯವರು ಆಕಾಶ ನೋಡುತ್ತಾರೆ. ಅಡಿಕೆಯವರು ಸುಣ್ಣ ಮತ್ತು ಮೈಲುತುತ್ತು ಕಲಸುತ್ತಾರೆ. ಹಣ್ಣಾಗಿ ನೇತಾಡುತ್ತಿದ್ದ ಗೊಂಚಲುಗಳ ಮೇಲೆ ನೀಲಿ ಮದ್ದನ್ನು ಅವರು ಅಭಿಷೇಕದ ಶ್ರದ್ಧೆಯಿಂದ ಬಿಡುತ್ತಿದ್ದರು.

"ಭಟ್ರೇ! ನಿಲ್ಲಿಸಿ!"

"ಹೆದರಬೇಡಿ ಅಮ್ಮ, ನಿಮ್ಮಿಂದ ಎಂತದೂ ಬೇಡ. ಕಮಲಾಕ್ಷ ಇದ್ದಿದ್ದರೆ ಕೇಳುತ್ತಿದ್ದ. ಇಲ್ಲದ ಮೇಲೆ ಕೇಳದೆಯೇ ಮಾಡಬೇಕು. ಅದು ನೆರೆಹೊರೆ ಅಂತ. ಈ ಮೋಡಕ್ಕೆ ಮದ್ದು ಬಿಡದಿದ್ದರೆ ಕೊಳೆರೋಗ ಗ್ಯಾರಂಟಿ."

"ಇವತ್ತು ಕೊಯ್ಯುವ ಹಣ್ಣು ಭಟ್ರೇ. ಇದನ್ನು ಜನ ಕುಡಿಯುವುದು."

ಭಟ್ಟರ ಪಂಪು ನಿಂತಿತು. ಅದನ್ನು ಹೆಗಲಿನಿಂದ ಇಳಿಸಿ, "ಹಾಗಾದ್ರೆ ಕೊಳೆರೋಗ ಕುಡಿಯುವವರಿಗೆ ಬರಲಿಕ್ಕಿಲ್ಲ" ಎಂದರು.

ಹೀಗೆ ಹನ್ನೆರಡು ಬಳ್ಳಿಯಲ್ಲಿ ಎರಡು ದೈವಕ್ಕೆ, ನಾಲ್ಕು ಮಾವನಿಗೆ, ನಾಲ್ಕು ಭಟ್ಟರಿಗೆ ಹೋದವು. ಬರುತ್ತದೆ ಬರುತ್ತದೆ ಎಂದು ಬೆಳಿಗ್ಗೆಯಿಂದ ಹೆದರಿಸಿದ ಮಳೆಯೊಂದನ್ನು ಬಿಟ್ಟು ಬೇರೆ ಎಲ್ಲರೂ ಬಂದು ಹೋದರು. ಉಳಿದ ಎರಡು ಬಳ್ಳಿಯಿಂದ ಒಂದೇ ಒಂದು ಬುಟ್ಟಿ ಹಣ್ಣಾಯಿತು. ಒಂದು ಸಾಕಿತ್ತು ಅವಳಿಗೆ.

ಮೂಲೆಯಲ್ಲಿದ್ದ ಕೊಡೆ ತೆಗೆದುಕೊಂಡು, ಬುಟ್ಟಿ ಎತ್ತಿ ರಸ್ತೆಗಿಳಿದಳು.

"ಬೊಜ್ಜ ಮುಗಿದು ಒಂದು ದಿನ ಆಗಲಿಲ್ಲ, ಪೇಟೆಗೆ ಹೊರಟಳು!" ಎಂದು ರಾಜೀವಿ ಅಂಗಳದಿಂದ ಕೂಗಿದಳು. "ಬಿ.ಎ. ಓದಿದವರಿಗೆ ನಾಚಿಕೆ ಬೇರೆಯೇ ಇರ್ತದೆ!"

ಬಸ್ಸಿನಲ್ಲಿ ಪಕ್ಕದಲ್ಲಿ ಕೂತವಳು ಮೊಟ್ಟೆ ಮಾರುವ ರುಖಿಯಮ್ಮ. ಮಡಿಲಲ್ಲಿದ್ದ ಮೊಟ್ಟೆಬುಟ್ಟಿ ಹುಷಾರಾಗಿ ಸರಿಸಿ, "ನಮ್ಮ ಕಮಲಾಕ್ಷ ಶೆಟ್ರು ಹೀಗೆ ಹೋಗಬಾರದಿತ್ತು ಅಮ್ಮ. ಬಹಳ ಒಳ್ಳೆ ಮನುಷ್ಯ" ಎಂದು ಕಣ್ಣೊರೆಸಿ, ಅದೇ ಕೈಯಿಂದ ಒಂದು ಹಣ್ಣು ತೆಗೆದು ಬಾಯಿಗೆ ಹಾಕಿಕೊಂಡಳು. "ಯಾ ಅಲ್ಲಾ, ಎಂಥ ಸಿಹಿ!"

ಹಾಗೆ ಹೇಳಬಾರದಿತ್ತು. ಬಸ್ಸಿನಲ್ಲಿದ್ದವರಿಗೆಲ್ಲ ಒಮ್ಮೆಲೇ ಕಮಲಾಕ್ಷನ ಸದ್ಗುಣಗಳು ನೆನಪಾದವು. ಹಿಂದಿನ ಸೀಟಿನವನು ಕಮಲಾಕ್ಷನ ಜೊತೆ ಶಾಲೆಗೆ ಹೋದವನಂತೆ, ಎರಡು ತೆಗೆದುಕೊಂಡ. ಕಂಡಕ್ಟರ್ ಸುಬ್ಬಪ್ಪನಿಗೆ ದುಃಖ ಉಕ್ಕಿ ಬಂದು ಒಂದು ಗೊಂಚಲೇ ಬೇಕಾಯಿತು. ಬಂಟ್ವಾಳಕ್ಕೆ ಮೊದಲು ಬಸ್ಸು ನಿಲ್ಲಿಸಿದ ಪೊಲೀಸಿನವನು, "ದ್ರಾಕ್ಷಿಯಾ? ಹುಳಿ ಬಂದಿದ್ರೆ ಪಾನನಿರೋಧದ ಕೇಸು ಆಗ್ತದೆ" ಎಂದು ಹುಳಿ ಹುಡುಕುತ್ತ ಬುಟ್ಟಿಯ ನಾಲ್ಕೂ ಮೂಲೆ ತನಿಖೆ ಮಾಡಿದ. ಹುಳಿ ಎಲ್ಲಿಯೂ ಸಿಗಲಿಲ್ಲ. ಕರ್ತವ್ಯ ಬಿಡಲಾಗದೆ ಅವನು ಕೊನೆಯಲ್ಲಿ ಇನ್ನೊಂದು ಮುಷ್ಟಿ ಪರೀಕ್ಷಿಸಿದ.

ಪೇಟೆಯಲ್ಲಿ ಇಳಿಯುವಾಗ ಬುಟ್ಟಿ ಅರ್ಧವಾಗಿತ್ತು. ಆಕಾಶ ಪೂರ್ತಿ ಕಪ್ಪಾಗಿತ್ತು. ಆದರೂ ಹನಿ ಬಿದ್ದಿರಲಿಲ್ಲ. ಅವಳು ಓಡಿದಳು. ಹದಿಮೂರು ದಿನದಲ್ಲಿ ಅವಳು ಮೈಮರೆತು ಮಾಡಿದ ಮೊದಲ ಕೆಲಸ ಅದು.

ವೆಂಕಟೇಶ್ವರ ಪಂಡಿತರು ಹೊಳೆಬದಿಯ ತಗಡಿನ ಮಾಡಿನ ಕೆಳಗೆ, ಭರಣಿಗಳ ನಡುವೆ ಕೂತು ಚೀಟಿ ಅಂಟಿಸುತ್ತಿದ್ದರು. "ತಾಜಾ ದ್ರಾಕ್ಷಿಯಿಂದ ತಯಾರಾದ ಶುದ್ಧ ದ್ರಾಕ್ಷಾಸವ." ಶಶಿಪ್ರಭಾ ಬುಟ್ಟಿಯನ್ನು ಅವರೆದುರು ಇಳಿಸಿದಳು.

"ಹನಿ ಸೋಕಿಲ್ಲ ಪಂಡಿತರೇ. ತೊಟ್ಟು ಕಂದಿದೆ. ನೋಡಿ."

ಹೆಣ್ಣು ಕೊಡಲು ಮನಸ್ಸಿಲ್ಲದೆ "ಹುಲಿಯ ಹಾಲು ತಂದರೆ ನೋಡುವ" ಎಂದವನ ಅಂಗಳಕ್ಕೆ ವರ ಚೊಂಬು ತುಂಬಿ ತಂದು ನಿಂತರೆ ಅವನ ಮುಖ ಹೇಗಾದೀತೋ, ಪಂಡಿತರ ಮುಖ ಹಾಗಾಯಿತು. ಒಂದು ಹಣ್ಣು ಎತ್ತಿ ನೋಡಿದರು. ಮೂಸಿದರು. ಬುಟ್ಟಿಯಲ್ಲೇ ಮೆಲ್ಲಗೆ ಇಟ್ಟರು.

"ಅಮ್ಮ, ನೀವು ಕೂತುಕೊಳ್ಳಿ."

"ಬೇಡ, ನಿಂತೇ ಇರ್ತೇನೆ. ಭರಣಿಗೆ ಹಾಕಿ. ನೋಡಿ ಹೋಗ್ತೇನೆ."

"ಭರಣಿಗೆ..." ಪಂಡಿತರು ಕುತ್ತಿಗೆ ತುರಿಸಿಕೊಂಡರು. "ವಿಷಯ ಎಂತದೆಂದರೆ, ನಾನು ಹಸಿ ದ್ರಾಕ್ಷಿ ಹಾಕುವುದೇ ಇಲ್ಲ. ಮೊಯ್ದೀನ್ ಅಂಗಡಿಯ ಒಣದ್ರಾಕ್ಷಿ, ಬೆಲ್ಲ, ನೀರು. ಅದಕ್ಕೆ ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಹನ್ನೆರಡು ವರ್ಷದಿಂದ ಹಾಗೆಯೇ. ಜನರ ಕೆಮ್ಮು ಗುಣ ಆಗ್ತಾ ಉಂಟಲ್ಲ?"

ಶಶಿಪ್ರಭಾ ಭರಣಿಗಳನ್ನು ನೋಡಿದಳು. ಹಿಂದೆ ಸಾಲಾಗಿ ಒಣದ್ರಾಕ್ಷಿಯ ಗೋಣಿಗಳಿದ್ದವು.

"ಮತ್ತೆ ಅವರಿಗೆ ಮಾತು ಕೊಟ್ಟದ್ದು?"

"ಕಮಲಾಕ್ಷ ಅಷ್ಟು ಆಸೆಯಿಂದ ಕೇಳಿದ. ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನಲಿಕ್ಕೆ ಆಗ್ತದಾ? ನಮ್ಮ ಊರಲ್ಲಿ ಹಾಗೆ ಯಾರೂ ಹೇಳುವುದಿಲ್ಲ. ಅದಕ್ಕೆ ಮಳೆಗೆ ಮುಂಚೆ ಹಣ್ಣು ತಾ ಅಂದೆ. ಈ ಸೀಮೆಯಲ್ಲಿ ಮಳೆಗೆ ಮುಂಚೆ ದ್ರಾಕ್ಷಿ ಹಣ್ಣಾಗ್ತದಾ ಅಮ್ಮ? ಎರಡು ವರ್ಷ ಮಳೆ ನನ್ನ ಮರ್ಯಾದೆ ಉಳಿಸಿತು. ಈ ವರ್ಷ ಕೈಕೊಟ್ಟಿತು."

"ಪಾಪ, ಅವರಿಗೆ ಇದು ಗೊತ್ತೇ ಇರಲಿಲ್ಲ" ಎಂದಳು ಶಶಿಪ್ರಭಾ.

"ಗೊತ್ತಿಲ್ಲದೆ!" ಪಂಡಿತರಿಗೆ ನಗು ಬಂತು, ತಡೆದುಕೊಂಡರು. "ಹೋದ ವರ್ಷವೇ ಗೋಣಿ ನೋಡಿದ. 'ಮಳೆಗೆ ಹೆದರದ ದ್ರಾಕ್ಷಿ ಅಂದ್ರೆ ಇದೇ ಪಂಡಿತರೇ' ಅಂತ ಹೊಟ್ಟೆ ಹಿಡಿದು ನಕ್ಕ. ಆಮೇಲೂ ಪ್ರತಿ ಗುರುವಾರ ಬಂದ. ದ್ರಾಕ್ಷಿ ವಿಚಾರ ಮಾತಾಡಲಿಕ್ಕೆ ಉಂಟು ಅಂತ ಮನೆಯಲ್ಲಿ ಹೇಳಿ ಬರ್ತಿದ್ದ. ಕೆಮ್ಮು ಇತ್ತಲ್ಲ ಅವನಿಗೂ, ಸ್ವಲ್ಪ."

ಹೋದ ವರ್ಷದ ಆ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಮಳೆಗೆ ಹಣ್ಣೆಲ್ಲ ಬಿರಿದ ದಿನ. ಪಂಡಿತರಿಗೆ ಹೇಳಿ ಬರುತ್ತೇನೆಂದು ಹೋದ ಕಮಲಾಕ್ಷ ಕಣ್ಣು ಕೆಂಪಾಗಿಸಿಕೊಂಡು ಬಂದಿದ್ದ. ಅತ್ತಿದ್ದಾನೆಂದು ತಿಳಿದು ಅವಳು ರಾತ್ರಿ ಊಟ ಬಿಟ್ಟು ಸಮಾಧಾನ ಮಾಡಿದ್ದಳು. ಅವನು ಅವಳ ಪಾಲನ್ನೂ ಸೇರಿಸಿ ಉಂಡು ಮಲಗಿದ್ದ.

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಗು ಬರಬಹುದಿತ್ತು, ಅದಕ್ಕೂ ಗಂಡ ಎದುರಿಗೆ ಬೇಕಿತ್ತು.

"ಆ ದಿನ ಎಂಥ ಮಳೆ ಅಂತೀರಿ!" ಪಂಡಿತರು ಮುಂದುವರಿಸಿದರು. "ಅವನ ಹತ್ತಿರ ಕೊಡೆ ಇರಲಿಲ್ಲ. ನನ್ನದೇ ತೆಗೊಂಡು ಹೋದ. ಹೋಗಲಿ, ಸತ್ತವರ ಹತ್ತಿರ ಕೇಳಬಾರದು. ನಾನು ಕೇಳುವವನೂ ಅಲ್ಲ." ಅವರ ಕಣ್ಣು ಅವಳ ಕೈಯಲ್ಲಿದ್ದ ಕೊಡೆಯ ಮೇಲೇ ಇತ್ತು. "ಒಳಗೆ ಬಿಳಿ ಬಣ್ಣದಲ್ಲಿ 'ವೆಂ' ಅಂತ ಬರೆದಿತ್ತು. ಸುಮ್ಮನೆ ಹೇಳಿದೆ."

ಶಶಿಪ್ರಭಾ ಕೊಡೆ ಬಿಡಿಸಿದಳು. 'ವೆಂ' ಇತ್ತು.

ಅಷ್ಟರಲ್ಲಿ ತಗಡಿನ ಮೇಲೆ ಟಪ್ ಎಂದು ಒಂದು ಹನಿ ಬಿತ್ತು. ಆಮೇಲೆ ಹತ್ತು. ಆಮೇಲೆ ಲೆಕ್ಕವಿಲ್ಲ. ಹೊಳೆಯ ಆಚೆ ದಡ ಕಾಣದಾಯಿತು.

"ಅಯ್ಯೋ, ಮಳೆ!" ಪಂಡಿತರು ದನಿ ಎತ್ತಿದರು. "ನೀವು ಹೆಂಗಸು, ಬಸ್‌ಸ್ಟ್ಯಾಂಡಿನವರೆಗೆ ಹೋಗಬೇಕು. ಕೊಡೆ ಇವತ್ತೇ ಕೊಡಬೇಕು ಅಂತ ಇಲ್ಲ ಅಮ್ಮ. ನಾಳೆಯೂ ಆಗ್ತದೆ."

ಕೈ ಮಾತ್ರ ಚಾಚಿಯೇ ಇತ್ತು.

ಶಶಿಪ್ರಭಾ ಕೊಡೆಯನ್ನು ಮಡಚಿ, ಗುಂಡಿ ಹಾಕಿ, ಹಿಡಿಯ ಕಡೆಯಿಂದ ಆ ಕೈಗೆ ಕೊಟ್ಟಳು.